ಎತ್ತರದ ಪಟ, ಬುಡದ ನೆನಪು

ಕಳೆದ ವರ್ಷ ಹುಣಸೂರು ಸಮೀಪದ ಹಳ್ಳಿಯೊಂದಕ್ಕೆ ಮನೆಭೇಟಿಗೆಂದು ಹೋಗಿದ್ದೆ. ಕಾಫಿ ಕೊಟ್ಟ ಬಳಿಕ ಆ ಮನೆಯ ತಾಯಿ ತಮ್ಮ ಮೊಬೈಲನ್ನು ನನ್ನ ಕೈಗಿತ್ತು, “ನೋಡಿ ಫಾದರ್, ಇದು ನಮ್ಮ ಮಗನ ಊರು” ಎಂದರು. ಪರದೆಯ ಮೇಲೆ ಕೆನಡಾ ದೇಶದ ಟೊರೊಂಟೊ ನಗರವಿತ್ತು. ಸರೋವರದ ನೀಲಿ ನೀರು, ಅದರಾಚೆ ಗಾಜಿನ ಕಟ್ಟಡಗಳ ಸಾಲು, ಅವುಗಳ ನಡುವೆ ಸೂಜಿಯಂತೆ ಎದ್ದು ನಿಂತ ಸಿ.ಎನ್. ಗೋಪುರ. ಪಟ ಸುಂದರವಾಗಿತ್ತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ತಾಯಿಯ ಮಾತು. ಇದೇ ಮನೆಯ ತೊಟ್ಟಿಲಲ್ಲಿ ಬೆಳೆದ ಮಗನಿಗೆ ಈಗ ಬೇರೆಯೇ ಊರು. ಆ ಊರನ್ನು ತಾಯಿ ಕಂಡಿರುವುದು ಅಂಗೈಯಗಲದ ಈ ಪಟದಲ್ಲಿ ಮಾತ್ರ.

ಕೆಲವು ದಿನಗಳ ನಂತರ ಆ ಮಗ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಬೇಡಿಕೆಯಿಟ್ಟ: “ಫಾದರ್, ಮಗಳು ಕೇಳ್ತಾಳೆ, ‘ನಿಮ್ಮೂರು ಹೇಗಿದೆ ಪಪ್ಪಾ’ ಅಂತ. ಊರಿನದೊಂದು ಒಳ್ಳೇ ಫೋಟೋ ಇದ್ದರೆ ಕಳಿಸಿಕೊಡಿ.” ಒಪ್ಪಿಕೊಂಡೆ. ಆ ರಾತ್ರಿ ನನ್ನ ಮೊಬೈಲನ್ನೂ ಧರ್ಮಕೇಂದ್ರದ ಗಣಕಯಂತ್ರವನ್ನೂ ಹುಡುಕಿದೆ. ಪ್ರಥಮ ಪರಮಪ್ರಸಾದದ ಮಕ್ಕಳು, ಹಬ್ಬದ ಮೆರವಣಿಗೆ, ಶಾಲು ಹೊದಿಸಿಕೊಳ್ಳುತ್ತಿರುವ ಅತಿಥಿಗಳು, ಹೂವಿನಿಂದ ಅಲಂಕೃತವಾದ ಬಲಿಪೀಠ. ಸಾವಿರಾರು ಚಿತ್ರಗಳಲ್ಲಿ ಮುಖಗಳಿದ್ದವು. ಊರು ಒಂದರಲ್ಲೂ ಇರಲಿಲ್ಲ.

ಓದುಗ ಮಿತ್ರರೇ, ಊರಿನ ಪಟ ಎಂದರೇನು, ಯಾವ ಪಟ ಊರನ್ನು ತೋರಿಸುತ್ತದೆ, ಯಾವುದು ಮರೆಮಾಡುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ಮನೆ, ಮರ, ಗೋಪುರಗಳ ನೆತ್ತಿ ಆಕಾಶವನ್ನು ಮುಟ್ಟುವ ಗೆರೆಯನ್ನು ನಾವು ‘ಬಾನಂಚು’ ಎಂದು ಕರೆಯೋಣ. ಪ್ರತಿ ಊರಿಗೂ ತನ್ನದೇ ಬಾನಂಚಿದೆ. ಬಸ್ಸಿನಲ್ಲಿ ತೂಕಡಿಸುತ್ತಿರುವ ಪ್ರಯಾಣಿಕನು ಕಣ್ಣು ತೆರೆದು ‘ಊರು ಬಂತು’ ಎಂದು ತಿಳಿಯುವುದು ಫಲಕವನ್ನು ಓದಿಯಲ್ಲ, ಈ ಗೆರೆಯನ್ನು ಕಂಡು. ನಮ್ಮ ಕಾಲದಲ್ಲಿ ಈ ಗೆರೆ ಬಹು ಬೇಗ ಬದಲಾಗುತ್ತಿದೆ. ಅದರ ಚಿತ್ರಗಳನ್ನು ಸ್ವಲ್ಪ ವಿಮರ್ಶೆಯ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ

ಮೊದಲು ಆ ಟೊರೊಂಟೊ ಪಟವನ್ನೇ ತೆಗೆದುಕೊಳ್ಳೋಣ. ನಗರದ ಎದುರಿಗಿರುವ ದ್ವೀಪದ ಕಡೆಯಿಂದ ತೆಗೆದ ಈ ನೋಟವನ್ನು ಪ್ರತಿದಿನ ನೂರಾರು ಜನರು ಸೆರೆಹಿಡಿಯುತ್ತಾರೆ. 1976ರಲ್ಲಿ ಪೂರ್ಣಗೊಂಡ ಸಿ.ಎನ್. ಗೋಪುರದ ಎತ್ತರ 553 ಮೀಟರ್. ಮೂರು ದಶಕಗಳ ಕಾಲ ಅದು ಲೋಕದ ಅತಿ ಎತ್ತರದ ಸ್ವತಂತ್ರ ಗೋಪುರವೆನಿಸಿತ್ತು. ಪಟದ ಕೇಂದ್ರ ಅದೇ. ನಡುವೆ ನೀರಿರುವುದರಿಂದ ಬೀದಿ ಕಾಣದು, ಬೀದಿಯಲ್ಲಿ ನಡೆಯುವವರು ಕಾಣರು, ಹಿಮ ಸುರಿಯುವ ಮುಂಜಾನೆ ಕೆಲಸಕ್ಕೆ ಓಡುವ ನಮ್ಮ ಹುಡುಗನೂ ಕಾಣನು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಇಂಥ ಪಟಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಇಲ್ಲಿ ಒಬ್ಬ ಗುರುವಿಗೆ ಸುಲಭವಾಗಿ ನೆನಪಾಗುವುದು ಬಾಬೆಲ್ ಗೋಪುರ. ನನಗೂ ನೆನಪಾಯಿತು. ಆದರೆ ಆ ಹೋಲಿಕೆಯನ್ನು ಬರೆಯಲು ಹೊರಟಾಗ ನಾಚಿಕೆಯಾಯಿತು. ಪಕ್ಕದ ಧರ್ಮಕೇಂದ್ರದ ಗಂಟೆಗೋಪುರಕ್ಕಿಂತ ನಮ್ಮದು ಹತ್ತಡಿ ಎತ್ತರವಿರಲಿ ಎಂದು ಸಭೆಗಳಲ್ಲಿ ವಾದಿಸಿದವರು ನಾವಲ್ಲವೇ? ಎತ್ತರದ ಆಸೆ ಗಾಜಿನ ಗೋಪುರಗಳಿಗೆ ಮಾತ್ರ ಸೇರಿದ್ದಲ್ಲ. ಆದ್ದರಿಂದ ಕಟ್ಟಡವನ್ನು ಬಿಟ್ಟು ಪಟವನ್ನೇ ವಿಮರ್ಶಿಸುವುದು ಹೆಚ್ಚು ಪ್ರಾಮಾಣಿಕ.

ಅದೇ ಟೊರೊಂಟೊವಿನ ಬಹು ಹಳೆಯ ಪಟಗಳಿಗೆ ಒಂದು ರೋಚಕ ಇತಿಹಾಸವಿದೆ. 1856ರ ಸುಮಾರಿಗೆ ಆರ್ಮ್‌ಸ್ಟ್ರಾಂಗ್, ಬಿಯರ್ ಮತ್ತು ಹೈಮ್ ಎಂಬವರ ಸಂಸ್ಥೆ ಹೋಟೆಲೊಂದರ ಮಾಳಿಗೆಯನ್ನೇರಿ ಕ್ಯಾಮೆರಾವನ್ನು ಸುತ್ತಲೂ ತಿರುಗಿಸುತ್ತ ನಗರದ ಚಿತ್ರಮಾಲೆಯೊಂದನ್ನು ತೆಗೆಯಿತು. ಕೆನಡಾದ ರಾಜಧಾನಿಯ ಪಟ್ಟ ತಮ್ಮ ನಗರಕ್ಕೇ ಸಿಗಲಿ ಎಂದು ಲಂಡನ್ನಿಗೆ ಕಳುಹಿಸಿದ ಅರ್ಜಿಯ ಜೊತೆ ಆ ಚಿತ್ರಗಳು ಹೋದವು. ವಿಕ್ಟೋರಿಯಾ ರಾಣಿ ಆರಿಸಿದ್ದು ಒಟ್ಟಾವಾ ನಗರವನ್ನು. ಅರ್ಜಿ ಸೋತಿತು, ಚಿತ್ರಗಳು ಕಡತಗಳ ನಡುವೆ ಮರೆಯಾದವು. ಅವು ಲಂಡನ್ನಿನ ಸರ್ಕಾರಿ ಗ್ರಂಥಾಲಯವೊಂದರಲ್ಲಿ ಮತ್ತೆ ಬೆಳಕಿಗೆ ಬಂದದ್ದು 1979ರಲ್ಲಿ. ತಮ್ಮ ಊರನ್ನು ಹೊಗಳಿಕೊಳ್ಳಲು ತೆಗೆದ ಪಟಗಳು ಸಾಕ್ಷಿಗಳಾಗಿ ಮರಳಿ ಬಂದವು. ಕಾರಣ ಸರಳ. ಆ ಛಾಯಾಗ್ರಾಹಕರು ಒಂದೇ ದಿಕ್ಕಿಗೆ ನೋಡಿ ಸುಮ್ಮನಾಗಲಿಲ್ಲ; ಸುತ್ತಲೂ ತಿರುಗಿದರು. ದೊಡ್ಡ ಕಟ್ಟಡಗಳ ಜೊತೆಗೆ ಸಾಧಾರಣ ಮನೆಗಳ ಮಾಡುಗಳೂ ಪಟದೊಳಗೆ ಬಂದುಬಿಟ್ಟವು.

ಕೆನಡಾದ ಇನ್ನೊಂದು ತುದಿಯ ವ್ಯಾಂಕೂವರ್ ನಗರದಲ್ಲಿ ಫ್ರೆಡ್ ಹರ್ಜಾಗ್ ಎಂಬವರಿದ್ದರು. ಜರ್ಮನಿಯಲ್ಲಿ 1930ರಲ್ಲಿ ಹುಟ್ಟಿ, 1952ರಲ್ಲಿ ಕೆನಡಾಕ್ಕೆ ವಲಸೆ ಹೋದವರು. ಜೀವನೋಪಾಯಕ್ಕೆ ವೈದ್ಯಕೀಯ ಛಾಯಾಗ್ರಾಹಕರ ಕೆಲಸ. ಬಿಡುವಿನ ವೇಳೆ ಕ್ಯಾಮೆರಾ ಹಿಡಿದು ಬೀದಿ ಸುತ್ತುವ ಹವ್ಯಾಸ. ಕಪ್ಪುಬಿಳುಪು ಮಾತ್ರ ಕಲೆ ಎಂದು ಪಂಡಿತರು ನಂಬಿದ್ದ ಆ ದಿನಗಳಲ್ಲಿ ಅವರು ಬಣ್ಣದ ಫಿಲ್ಮಿನಲ್ಲಿ ಅಂಗಡಿ ಫಲಕಗಳನ್ನು, ಕ್ಷೌರದಂಗಡಿಗಳನ್ನು, ಹಳೆಯ ಸಾಮಾನು ಮಾರುವ ಗಾಜಿನ ಕಿಟಕಿಗಳನ್ನು, ಮೂಲೆಯಲ್ಲಿ ನಿಂತ ಜನರನ್ನು ಚಿತ್ರಿಸುತ್ತ ಹೋದರು. ಸುಮಾರು ಅರ್ಧ ಶತಮಾನದ ನಂತರ, 2007ರಲ್ಲಿ, ಆ ನಗರದ ಕಲಾಶಾಲೆ ಅವರ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಅಷ್ಟು ಹೊತ್ತಿಗೆ ಆ ಬೀದಿಗಳ ಮುಖವೇ ಬದಲಾಗಿತ್ತು. 2019ರಲ್ಲಿ ಅವರು ತೀರಿಕೊಂಡರು. ವ್ಯಾಂಕೂವರ್‌ನ ಇಂದಿನ ಗಾಜಿನ ಬಾನಂಚನ್ನು ಅರ್ಥಮಾಡಿಕೊಳ್ಳಬೇಕಾದರೆ ಅದರ ಅಡಿಯಲ್ಲಿದ್ದ ಬೀದಿಯನ್ನು ಹರ್ಜಾಗ್ ಅವರ ಪಟಗಳಲ್ಲಿ ನೋಡಬೇಕು.

ಮಾಂಟ್ರಿಯಲ್ ನಗರದ ಮಾದರಿ ಇನ್ನೂ ಬೇರೆ. ಊರಿನ ನಡುವಿರುವ ಮೌಂಟ್ ರಾಯಲ್ ಗುಡ್ಡದ ನೆತ್ತಿಯನ್ನು ಮೀರಿ ಯಾವ ಕಟ್ಟಡವೂ ಏಳಬಾರದೆಂಬ ನಿಯಮವನ್ನು ಆ ನಗರ ಇಟ್ಟುಕೊಂಡಿದೆ. ಗುಡ್ಡದ ಮೇಲೆ 1924ರಲ್ಲಿ ನಿಲ್ಲಿಸಿದ ದೊಡ್ಡ ಶಿಲುಬೆ ಇದೆ. ಕಟ್ಟಡಗಳು ಎಷ್ಟು ಬೆಳೆದರೂ ಗುಡ್ಡವೇ ಹಿರಿಯ. ಬಾನಂಚು ಎಂಬುದು ತಾನಾಗಿ ಆಗುವಂಥದ್ದಲ್ಲ, ಊರಿನವರು ಕೂಡಿ ತೀರ್ಮಾನಿಸಬಹುದಾದದ್ದು ಎಂಬ ಪಾಠ ಇಲ್ಲಿದೆ. ಚಾಮುಂಡಿ ಬೆಟ್ಟವನ್ನು ದೂರದಿಂದಲೇ ಕಂಡು ‘ಮೈಸೂರು ಹತ್ತಿರವಾಯಿತು’ ಎನ್ನುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಮೈಸೂರಿನ ಅಂಚೆಕಾರ್ಡು

ಇನ್ನು ನಮ್ಮ ಜಿಲ್ಲೆಗೆ ಬರೋಣ. ಮೈಸೂರಿನ ಪಟ ಎಂದರೆ ದೀಪಗಳಿಂದ ಬೆಳಗುವ ಅರಮನೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದ ನಂತರ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಕಟ್ಟಲಾರಂಭಿಸಿ 1912ರಲ್ಲಿ ಮುಗಿದ ಕಟ್ಟಡವಿದು. ಸುಟ್ಟುಹೋದ ಅರಮನೆಯ ರೂಪ ನಮಗೆ ಇಂದು ತಿಳಿದಿದ್ದರೆ ಅದಕ್ಕೆ ಆ ಕಾಲದ ಪಟಗಳೂ ಒಂದು ಕಾರಣ. ಬೆಂಕಿ ಬೀಳುವ ಮೊದಲೇ ಯಾರೋ ನೋಡಿದ್ದರು, ನೋಡಿದ್ದನ್ನು ಉಳಿಸಿದ್ದರು.

ಎರಡನೆಯ ಪಟ ನಮ್ಮ ಸಂತ ಫಿಲೋಮಿನಾ ಪ್ರಧಾನಾಲಯದ್ದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದ, ಜರ್ಮನಿಯ ಕಲೋನ್ ಪ್ರಧಾನಾಲಯದ ಮಾದರಿಯನ್ನು ನೆನಪಿಸುವ, 175 ಅಡಿ ಎತ್ತರದ ಅವಳಿ ಗೋಪುರಗಳ ದೇವಾಲಯ. ನಮ್ಮ ಮನೆಗಳ ಕ್ಯಾಲೆಂಡರುಗಳಲ್ಲಿ, ಮದುವೆಯ ಕರೆಯೋಲೆಗಳಲ್ಲಿ, ಗುರುದೀಕ್ಷೆಯ ಆಮಂತ್ರಣಗಳಲ್ಲಿ ಅದು ಎಷ್ಟು ಸಲ ಅಚ್ಚಾಗಿದೆಯೋ! ಆದರೆ ಗಮನಿಸಿ, ಎಲ್ಲವೂ ಒಂದೇ ಪಟ. ಎದುರಿನ ಅಂಗಳದಲ್ಲಿ ನಿಂತು, ಕ್ಯಾಮೆರಾವನ್ನು ಮೇಲಕ್ಕೆತ್ತಿ, ತಂತಿಗಳನ್ನೂ ಜನರನ್ನೂ ಬದಿಗೆ ಸರಿಸಿ ತೆಗೆದದ್ದು. ಈ ಗೋಪುರಗಳನ್ನು ಮೈಸೂರಿನ ಜನ ಹಾಗೆ ಕಂಡವರಲ್ಲ. ಅಶೋಕ ರಸ್ತೆಯ ಅಂಗಡಿಗಳ ಸೂರಿನ ಮೇಲಿಂದ, ಟಾಂಗಾದ ಹಿಂದಿನ ಸೀಟಿನಿಂದ, ತಮ್ಮದೇ ಮನೆಯ ಮಾಳಿಗೆಯಿಂದ ಕಂಡರು. ಅವರಲ್ಲಿ ಹೆಚ್ಚಿನವರು ಕ್ರೈಸ್ತರೂ ಅಲ್ಲ. ಆದರೂ ಅದು ಅವರ ಬಾನಂಚು. ಆ ನೋಟ ನಮ್ಮ ಕ್ಯಾಲೆಂಡರುಗಳಲ್ಲಿ ಇಲ್ಲ. ದೇವಾಲಯವನ್ನು ಊರಿನಿಂದ ಕತ್ತರಿಸಿ ತೆಗೆದ ಪಟ ದೇವಾಲಯವನ್ನೂ ಅರ್ಧವೇ ತೋರಿಸುತ್ತದೆ ಎಂದು ನನ್ನ ಅಭಿಪ್ರಾಯ.

2012ರ ಆಗಸ್ಟ್ 25ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಗುರುಮಠದ ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ನಾನು ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೆ. ಸುದ್ದಿ ಕೇಳಿದಾಗ ಆ ಅಂಗಡಿಗಳ ಮುಂದಿನ ಕಮಾನುಗಳನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಎಷ್ಟು ಕಮಾನುಗಳೆಂದು ನೆನಪಾಗಲಿಲ್ಲ. ಅರಮನೆಯ ಪಟ ನನ್ನ ಮೇಜಿನ ಮೇಲೇ ಇತ್ತು. ಕೂಗಳತೆಯಲ್ಲಿದ್ದ ಈ ಕಟ್ಟಡದ ಪಟ ಇರಲಿಲ್ಲ.

ಇಂಥ ಅಂಚೆಕಾರ್ಡು ದೃಷ್ಟಿಗೆ ಮೈಸೂರಿನಲ್ಲೇ ಒಂದು ಉತ್ತರ ಹುಟ್ಟಿತ್ತು. 1923ರಲ್ಲಿ ಇಲ್ಲಿ ಜನಿಸಿದ ಟಿ.ಎಸ್. ಸತ್ಯನ್ ಅವರು ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಛಾಯಾಗ್ರಾಹಕರಾಗಿ, ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಾಗಿ ದೇಶ ಸುತ್ತಿದವರು. ಸಿಡುಬು ನಿರ್ಮೂಲನದ ಕಾರ್ಯವನ್ನು ಹಳ್ಳಿಹಳ್ಳಿಗಳಲ್ಲಿ ಚಿತ್ರಿಸಿದವರು. 1977ರಲ್ಲಿ ಪದ್ಮಶ್ರೀ ಪಡೆದರು. 2009ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಕನ್ನಡ ಆತ್ಮಕಥನದ ಹೆಸರು ‘ಕಾಲಕ್ಕೆ ಕನ್ನಡಿ’. ಸತ್ಯನ್ ಎತ್ತರವನ್ನು ಹುಡುಕಿ ಹೋದವರಲ್ಲ. ಸಾಮಾನ್ಯ ಜನರ ಸಾಮಾನ್ಯ ದಿನ ಅವರ ವಸ್ತು. ಊರು ಎಂಬುದು ಮೊದಲು ಜನ, ಆಮೇಲೆ ಕಟ್ಟಡ ಎಂಬುದನ್ನು ಅವರ ಚಿತ್ರಗಳಿಂದ ಕಲಿಯಬಹುದು. ಬಾನಂಚನ್ನು ಚಿತ್ರಿಸುವವನಿಗೂ ಈ ಪಾಠ ಬೇಕು.

ನಮ್ಮ ನಾಲ್ಕು ತಾಲ್ಲೂಕುಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಗೆ ಬಾನಂಚು ಇದೆಯೇ ಎಂದು ಯಾರಾದರೂ ಕೇಳಿಯಾರು. ಇದೆ. ನಾವು ಅದನ್ನು ಪಟಕ್ಕೆ ಯೋಗ್ಯವೆಂದು ಎಣಿಸಿಲ್ಲ, ಅಷ್ಟೆ.

ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳಲ್ಲಿ ಕಣ್ಣೆತ್ತಿದರೆ ಕಾಣುವುದು ಹೊಗೆಸೊಪ್ಪಿನ ಬ್ಯಾರನ್. ಚೌಕಾಕಾರದ, ಕಿಟಕಿಯಿಲ್ಲದ, ಎತ್ತರದ ಗೋಡೆ. ಬುಡದಲ್ಲಿ ಸೌದೆಯ ಒಲೆ. ಒಳಗೆ ನೆಲದುದ್ದಕ್ಕೂ ಕಾದ ಗಾಳಿಯನ್ನು ಒಯ್ಯುವ ತಗಡಿನ ಕೊಳವೆ. ನೆತ್ತಿಯಲ್ಲಿ ಗಾಳಿ ಹೊರಡುವ ಗೂಡು. ಎಲೆಗಳನ್ನು ಕಡ್ಡಿಗೆ ಕಟ್ಟಿ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಐದಾರು ದಿನ ಹಗಲಿರುಳು ಬಿಸಿಯನ್ನು ಹಂತಹಂತವಾಗಿ ಏರಿಸಿ ಹದ ಮಾಡುತ್ತಾರೆ. ಬಿಸಿ ತುಸು ತಪ್ಪಿದರೂ ವರ್ಷದ ದುಡಿಮೆ ಹಾಳು. ಎಷ್ಟೋ ಮಕ್ಕಳ ಶಾಲೆಯ ಶುಲ್ಕ, ಎಷ್ಟೋ ಹೆಣ್ಣುಮಕ್ಕಳ ಮದುವೆ, ನಮ್ಮ ಹಲವು ದೇವಾಲಯಗಳ ಕಾಣಿಕೆ ಈ ಗೋಡೆಗಳ ನಡುವಿನಿಂದ ಬಂದಿದೆ. ಅದನ್ನು ಹಾಡಿ ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಆ ಎಲೆ ಸೇದುವವನ ಎದೆಗೆ ಏನು ಮಾಡುತ್ತದೆಂದು ನಾವು ಬಲ್ಲೆವು. ಸೌದೆಗಾಗಿ ಉರುಳಿದ ಮರಗಳ ಲೆಕ್ಕವೂ ಸಣ್ಣದಲ್ಲ. ಒಳ್ಳೆಯ ಪಟ ಈ ಎರಡನ್ನೂ ಅಡಗಿಸುವುದಿಲ್ಲ: ಎತ್ತರದ ಗೋಡೆಯೂ ಇರಬೇಕು, ಬುಡದಲ್ಲಿ ರಾಶಿಬಿದ್ದ ಸೌದೆಯೂ ಇರಬೇಕು. ಪಟ ತೆಗೆಯುವುದು ಹೊಗಳಲಿಕ್ಕಲ್ಲ, ಸಾಕ್ಷಿ ಹೇಳಲಿಕ್ಕೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಬಾನಂಚು ಬೇರೆಯೇ ಭಾಷೆಯನ್ನಾಡುತ್ತದೆ. 1960ರ ದಶಕದ ಆರಂಭದಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟನ್ನರು ಕಾಡು ಕಡಿದು ಮುಸುಕಿನ ಜೋಳ ಬೆಳೆದ ನೆಲವದು. ಅಲ್ಲಿನ ನಾಮ್‌ಡ್ರೋಲಿಂಗ್ ವಿಹಾರದ ಸುವರ್ಣ ದೇಗುಲ 1999ರಲ್ಲಿ ಉದ್ಘಾಟನೆಗೊಂಡಿತು. ಪ್ರವಾಸಿಗರ ಪಟಗಳಲ್ಲೆಲ್ಲ ಅದರ ಚಿನ್ನದ ಮಿನುಗು. ದೇಗುಲವನ್ನೂ ಅದರ ಎದುರಿನ ಜೋಳದ ಹೊಲವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದ ಪಟವನ್ನು ನಾನು ಕಂಡದ್ದು ವಿರಳ. ಆ ಹೊಲವಿಲ್ಲದೆ ನೋಡಿದರೆ ದೇಗುಲ ಬರೀ ವೈಭವ. ಹೊಲದೊಡನೆ ನೋಡಿದರೆ ನಿರಾಶ್ರಿತರ ಛಲ.

ಕೃಷ್ಣರಾಜನಗರ ಯೋಜನೆ ಹಾಕಿ ಕಟ್ಟಿದ ಪಟ್ಟಣ. ಕಾವೇರಿಯ ದಡದ ಯಡತೊರೆ ಪ್ರವಾಹಕ್ಕೆ ನಲುಗಿದ ಮೇಲೆ ತುಸು ದೂರದಲ್ಲಿ ನೇರ ರಸ್ತೆಗಳ ಹೊಸ ಊರು ಎದ್ದು, ನಾಲ್ವಡಿಯವರ ಹೆಸರು ಪಡೆಯಿತು. ಒಂದೆಡೆ ನದಿದಡದ ಅರ್ಕೇಶ್ವರ ದೇವಾಲಯ, ಇನ್ನೊಂದೆಡೆ ಅಕ್ಕಿಗಿರಣಿಗಳ ಕೊಳವೆಗಳು: ಹಳೆಯ ಊರೂ ಹೊಸ ಊರೂ ಒಂದೇ ಆಕಾಶದಡಿ. ಅದೇ ತಾಲ್ಲೂಕಿನ ಡೋರನಹಳ್ಳಿಗೆ ನಮ್ಮಲ್ಲಿ ಹೋಗದವರು ಯಾರು? 2019ರಲ್ಲಿ ಬೆಸಿಲಿಕಾ ಪದವಿ ಪಡೆದ ಸಂತ ಅಂತೋಣಿಯವರ ದೇವಾಲಯದ ಜೂನ್ 13ರ ಹಬ್ಬದ ಪಟಗಳು ಪ್ರತಿ ಮನೆಯಲ್ಲಿವೆ. ಆದರೆ ಹರಕೆ ಹೊತ್ತು ನಡೆದು ಬಂದವರಿಗೆ ದೇವಾಲಯ ಮೊದಲು ಕಂಡ ಆ ತಿರುವಿನ ಪಟ ಎಷ್ಟು ಮನೆಗಳಲ್ಲಿದೆ? ನಡೆದವರ ಕಾಲುನೋವನ್ನು ಮರೆಸಿದ ನೋಟ ಅದೇ.

ಇನ್ನು ಹೆಗ್ಗಡದೇವನಕೋಟೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ಇಂದು ಛಾಯಾಗ್ರಾಹಕರ ಸ್ವರ್ಗ. ಆನೆಯ ಹಿಂಡು, ಹುಲಿ, ಸಂಜೆಗೆಂಪು, ನೀರಿನಲ್ಲಿ ಕೈಚಾಚಿ ನಿಂತ ಒಣ ಮರಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಮರಗಳು ಇನ್ನಷ್ಟು ಮೇಲೆದ್ದು ಕಾಣುತ್ತವೆ. ದೊಡ್ಡ ಮಸೂರದ ಕ್ಯಾಮೆರಾಗಳಿಗೆ ಅವು ಚಂದದ ಹಿನ್ನೆಲೆ. ಆದರೆ ಅವು ಮುಳುಗಿಹೋದ ಒಂದು ಬಾನಂಚಿನ ಉಳಿಕೆ. ಆ ನೀರಿನಡಿ ಹಳ್ಳಿಗಳಿದ್ದವು, ಹೊಲ ಕಣಗಳಿದ್ದವು, ಕಾಡುಕುರುಬರ, ಜೇನುಕುರುಬರ ಓಡಾಟದ ದಾರಿಗಳಿದ್ದವು. ಪ್ರಾಚೀನ ಪುನ್ನಾಟ ನಾಡಿನ ರಾಜಧಾನಿ ಕಿತ್ತೂರು ಇದ್ದದ್ದೂ ಇದೇ ಕಪಿಲೆಯ ದಡದಲ್ಲಿ. ಕಬಿನಿಯ ಸಂಜೆಯ ಪಟಗಳಲ್ಲಿ ತಾಂತ್ರಿಕ ಕೊರತೆಯನ್ನು ನಾನು ಹುಡುಕಲಾರೆ; ಅವುಗಳಲ್ಲಿ ಕೊರತೆಯಾಗಿರುವುದು ಒಂದು ಸಾಲಿನ ಅಡಿಬರಹ. ‘ಇಲ್ಲಿ ಊರಿತ್ತು’ ಎಂದು ಬರೆದರೆ ಅದೇ ಪಟ ಬೇರೆಯಾಗಿ ಕಾಣುತ್ತದೆ.

ಹಕ್ಕಿಯ ಕಣ್ಣು, ಮನುಷ್ಯನ ಕಣ್ಣು

ಈಗ ಎಲ್ಲ ಉತ್ಸವಗಳಿಗೂ ಡ್ರೋನ್ ಬಂದಿದೆ. ಹಬ್ಬದ ವಿಡಿಯೊ ಆರಂಭವಾಗುವುದೇ ಗಂಟೆಗೋಪುರದ ನೆತ್ತಿಯನ್ನು ಪ್ರದಕ್ಷಿಣೆ ಹಾಕುವುದರಿಂದ. ಅದನ್ನು ತೆಗಳಲಾರೆ. ಕೆರೆಯ ಅಂಗಳ ಎಷ್ಟು ಒತ್ತುವರಿಯಾಗಿದೆ, ಕಾಡಿನ ಅಂಚು ಎಲ್ಲಿಗೆ ಸರಿದಿದೆ ಎಂಬುದನ್ನು ತೋರಿಸಲು ಅದಕ್ಕಿಂತ ಉತ್ತಮ ಸಾಧನವಿಲ್ಲ. ಆದರೆ ಊರನ್ನು ಆ ಎತ್ತರದಿಂದ ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಟೊರೊಂಟೊ ಹೋಟೆಲಿನ ಮಾಳಿಗೆಯ ಮೇಲೆ ಮನುಷ್ಯರು ನಿಂತಿದ್ದರು. ಡ್ರೋನಿನ ಜಾಗದಲ್ಲಿ ಯಾರೂ ನಿಂತಿಲ್ಲ. ಅದರ ಕಣ್ಣಿಗೆ ನೀರಿನ ತೊಟ್ಟಿ, ತಗಡಿನ ಮಾಡು ಕಾಣುತ್ತವೆ; ಜಗಲಿ ಕಾಣದು, ಜಗಲಿಯ ಮೇಲೆ ಕುಳಿತ ಅಜ್ಜ ಕಾಣರು. ನಮ್ಮ ನೆನಪಿನಲ್ಲಿ ಉಳಿಯುವ ಬಾನಂಚು ಐದಡಿ ಎತ್ತರದಿಂದ ಕಂಡದ್ದು, ಬಾಲ್ಯದ್ದಾದರೆ ಮೂರಡಿಯಿಂದ.

ನನ್ನ ತಪ್ಪು

ಇಷ್ಟೆಲ್ಲ ವಿಮರ್ಶೆ ಮಾಡಿದವನು ತನ್ನದನ್ನೂ ಹೇಳಬೇಕು. 2006ರಲ್ಲಿ ನಾನು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ಹಳೆಯ ದೇವಾಲಯ ಚಿಕ್ಕದಾಯಿತೆಂದು ಕೆಡವಿ ಹೊಸದನ್ನು ಕಟ್ಟಿಸಿದೆವು. ಕೆಡವುವ ಮೊದಲು ವಿಶೇಷ ಬಲಿಪೂಜೆ ಅರ್ಪಿಸಿದೆವು, ಗಂಟೆಯನ್ನು ಗೌರವದಿಂದ ಇಳಿಸಿದೆವು. ಪಟ ಮಾತ್ರ ತೆಗೆಯಲಿಲ್ಲ. ಹೊಸದರ ಉತ್ಸಾಹದಲ್ಲಿ ಅದು ಯಾರಿಗೂ ಹೊಳೆಯಲಿಲ್ಲ; ಗುರುವಾದ ನನಗೆ ಹೊಳೆಯಬೇಕಿತ್ತು. ಹೊಸ ದೇವಾಲಯದ ಅಭಿಷೇಕದ ನಂತರ ಒಬ್ಬ ವೃದ್ಧೆ ಬಂದು, “ಸ್ವಾಮಿ, ಹಳೇ ಗುಡಿ ಪಟ ಒಂದಿದ್ರೆ ಕೊಡಿ. ನಮ್ಮಪ್ಪ ಹೊತ್ತ ಕಲ್ಲು ಎಲ್ಲಿತ್ತು ಅಂತ ಮೊಮ್ಮಕ್ಕಳಿಗೆ ತೋರಿಸ್ಬೇಕು” ಎಂದರು. ನನ್ನಲ್ಲಿ ಇರಲಿಲ್ಲ. ಆಕೆಯ ತಂದೆ ಹೊತ್ತ ಕಲ್ಲು ಹೊಸ ಕಾಂಪೌಂಡಿನ ತಳಪಾಯದಲ್ಲಿ ಸೇರಿಹೋಗಿತ್ತು.

ಆಮೇಲೆ ಮನೆಮನೆಗೂ ಹೇಳಿಕಳುಹಿಸಿದೆ. ಕೊನೆಗೆ ಸಿಕ್ಕಿದ್ದು 1978ರ ಒಂದು ಮದುವೆಯ ಪಟ. ಅಂಚನ್ನು ಗೆದ್ದಲು ತಿಂದಿತ್ತು. ಸಡಿಲವಾದ ಕೋಟು ತೊಟ್ಟ ವರ, ಬಿಳಿ ಸೀರೆಯ ವಧು, ಇಬ್ಬರ ಮುಖದಲ್ಲೂ ಕ್ಯಾಮೆರಾದ ಭಯ. ಅವರ ಹಿಂದೆ, ವಧುವಿನ ಭುಜದ ಮೇಲೆ, ನಮ್ಮ ಹಳೆಯ ಗಂಟೆಗೋಪುರದ ಅರ್ಧಭಾಗ. ಶಿಲುಬೆ ಚೌಕಟ್ಟಿನಿಂದ ಹೊರಗುಳಿದಿದೆ. ಆದರೆ ಬುಡದ ಕಲ್ಲುಗಳು ಒಂದೊಂದೂ ಸ್ಪಷ್ಟ. ಬಲಬದಿಗೆ ಒಂದು ಬ್ಯಾರನ್ನಿನ ಮಾಡು, ಅದಕ್ಕೆ ಒರಗಿಸಿದ ಏಣಿ, ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಹುಡುಗ. ಆಕಾಶದಲ್ಲಿ ಒಂದೂ ತಂತಿಯಿಲ್ಲ. ಆ ಪಟ್ಟಣದ ಛಾಯಾಗ್ರಾಹಕರು ದೇವಾಲಯವನ್ನು ಚಿತ್ರಿಸಲು ಹೊರಟವರಲ್ಲ. ಮದುವೆಯನ್ನು ಚಿತ್ರಿಸುತ್ತಿದ್ದಾಗ ಊರು ಒಳಗೆ ಬಂತು. ನಾನು ಕಂಡ ನಮ್ಮ ಭಾಗದ ಬಾನಂಚಿನ ಪಟಗಳಲ್ಲಿ ಇದೇ ಶ್ರೇಷ್ಠವೆಂದು ಹೇಳಲು ನನಗೆ ಸಂಕೋಚವಿಲ್ಲ. ಎತ್ತರ ಅರ್ಧವೇ ಇದೆ, ಬುಡ ಪೂರ್ತಿ ಇದೆ. ಆ ವೃದ್ಧೆ ಪಟವನ್ನು ಕಣ್ಣಿಗೆ ಹತ್ತಿರ ಹಿಡಿದು, ಕೆಳಗಿನಿಂದ ಎರಡನೆಯ ಸಾಲಿನ ಒಂದು ಕಲ್ಲಿನ ಮೇಲೆ ಬೆರಳಿಟ್ಟರು.

ರಿಜಿಸ್ಟರಿನ ಪಕ್ಕದಲ್ಲಿ

ನಮ್ಮ ಧರ್ಮಕೇಂದ್ರಗಳಿಗೆ ದಾಖಲೆ ಹೊಸದಲ್ಲ. ಯಾರು ಎಂದು ಜ್ಞಾನಸ್ನಾನ ಪಡೆದರು, ಯಾರು ಯಾರನ್ನು ವರಿಸಿದರು, ಯಾರು ಎಂದು ಮಣ್ಣಾದರು ಎಂಬುದನ್ನು ದಿನಾಂಕ ಸಮೇತ ಬರೆದಿಡುವ ಶಿಸ್ತು ನಮ್ಮಲ್ಲಿ ತಲೆಮಾರುಗಳಿಂದ ಬಂದಿದೆ. ಅದೇ ಬೀರುವಿನಲ್ಲಿ ಊರಿನ ಪಟಕ್ಕೂ ಒಂದು ಜಾಗವಿರಲಿ. ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿಗೂ ಒಂದೊಂದು ಪಟ ತೆಗೆಯಲಿ. ಎತ್ತರದ ಜೊತೆ ಬುಡವೂ ಇರಲಿ. ತಂತಿ, ಅಂಗಡಿ, ಕಸದ ರಾಶಿಯನ್ನು ಅಳಿಸುವುದು ಬೇಡ. ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಊರು, ದಿನಾಂಕ, ದಿಕ್ಕು ಬರೆದಿಡಲಿ. ಮೊಬೈಲು ಕೆಟ್ಟರೆ ಅದರೊಳಗಿನ ಪಟವೂ ಹೋಗುತ್ತದೆ. ಕಾಗದ ಗೆದ್ದಲು ತಿಂದರೂ ಅರ್ಧ ಗೋಪುರವಾದರೂ ಉಳಿಯುತ್ತದೆ. ಯುವಕ ಯುವತಿಯರು ಇದನ್ನು ವಹಿಸಿಕೊಂಡರೆ ಹತ್ತು ವರ್ಷಗಳಲ್ಲಿ ಪ್ರತಿ ಧರ್ಮಕೇಂದ್ರದ ಬಳಿ ತನ್ನ ಊರಿನ ನಿಜವಾದ ಇತಿಹಾಸವಿರುತ್ತದೆ.

ಆ ಮಗನ ಬೇಡಿಕೆಯ ವಿಷಯ ಹೇಳಿ ಮುಗಿಸುತ್ತೇನೆ. ಆಗಸ್ಟ್ ತಿಂಗಳ ಒಂದು ಮುಂಜಾನೆ ಅವನ ಹಳ್ಳಿಗೆ ಹೋಗಿ, ಊರ ಮುಂದಿನ ಕೆರೆ ಏರಿಯ ಮೇಲೆ ನಿಂತು ಪಟ ತೆಗೆದೆ. ಬಂದದ್ದು ಇಷ್ಟು: ನೀರಿನ ಟ್ಯಾಂಕು, ಮೊಬೈಲ್ ಗೋಪುರ, ಎರಡು ಹೊಸ ತಾರಸಿ ಮನೆಗಳು, ಮಾರಮ್ಮನ ಗುಡಿಯ ಬೇವಿನಮರ, ದೂರದಲ್ಲಿ ನಮ್ಮ ಚಿಕ್ಕ ದೇವಾಲಯದ ಶಿಲುಬೆ, ನಡುವೆ ಹೊಗೆಯಾಡುತ್ತಿರುವ ಅವರದೇ ಬ್ಯಾರನ್. ಅಂಚೆಕಾರ್ಡಿಗೆ ಒಗ್ಗುವ ಚಿತ್ರವಲ್ಲ. ಸಂಕೋಚದಿಂದಲೇ ಕಳುಹಿಸಿದೆ.

ಎರಡು ದಿನ ಬಿಟ್ಟು ಅವನು ಕರೆಮಾಡಿದ. ಮಗಳು ಪಟ ನೋಡಿ, “ಕಿಟಕಿಯೇ ಇಲ್ಲದ ಆ ಎತ್ತರದ ಮನೆಯಲ್ಲಿ ಯಾರಿದ್ದಾರೆ?” ಎಂದು ಕೇಳಿದಳಂತೆ. ಉತ್ತರ ಹೇಳಲು ಅವನಿಗೆ ಒಂದು ಗಂಟೆ ಹಿಡಿಯಿತಂತೆ. ಅಪ್ಪನ ಪಕ್ಕದಲ್ಲಿ ಕಂಬಳಿ ಹೊದ್ದು ಒಲೆಗೆ ಸೌದೆ ತಳ್ಳುತ್ತ ಕಳೆದ ರಾತ್ರಿಗಳು, ನಿದ್ದೆಗಣ್ಣಿನಲ್ಲಿ ಶಾಲೆಗೆ ಓಡಿದ ಬೆಳಗುಗಳು, ಆ ದುಡ್ಡಿನಿಂದಲೇ ಕಟ್ಟಿದ ಕಾಲೇಜಿನ ಶುಲ್ಕ, ಎಲ್ಲವನ್ನೂ ಮೊದಲ ಸಲ ಮಗಳಿಗೆ ಹೇಳಿದನಂತೆ.

ಈ ವಿಷಯವನ್ನು ಅವನ ತಾಯಿಗೆ ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಈ ಸಲದ ಸೊಪ್ಪು ಮುಗಿದ ಮೇಲೆ ಬ್ಯಾರನ್ ಕೆಡವಿಸ್ತೀವಿ ಫಾದರ್. ಮಾಡೋಕೆ ಆಳಿಲ್ಲ” ಎಂದರು. ನಾನು ಮನೆಗೆ ಬಂದು ಆ ಪಟವನ್ನು ಮುದ್ರಿಸಿ, ಹಿಂಬದಿಯಲ್ಲಿ ದಿನಾಂಕ ಬರೆದು, ಜ್ಞಾನಸ್ನಾನದ ರಿಜಿಸ್ಟರಿನ ಪಕ್ಕದಲ್ಲಿ ಇಟ್ಟೆ.